ಮೊಸಳೆಯ ನೆಂಟನಿಗೆ ವಿಭೂತಿ

ಡೈನೋಸಾರ್ ಕಾಲದ ಮೊಸಳೆ ನೆಂಟರನ್ನು ಗುರುತಿಸುವುದು ನನ್ನ ಕೆಲಸ. ಅವುಗಳ ಬೆನ್ನಿನ ಚರ್ಮದಲ್ಲಿದ್ದ, ಈಗ ಕಲ್ಲಾಗಿ ಹೋದ ಮೂಳೆಬಿಲ್ಲೆಗಳ ಮೇಲೆ ಗುಳಿಗಳಿರುತ್ತವೆ. ಅವನ್ನು ನೋಡಿ ಕುಲ ಹೇಳಬೇಕು. ಒಂದು ಕರಿಬಿಲ್ಲೆ ಮಾತ್ರ ನನ್ನನ್ನು ಸತಾಯಿಸುತ್ತಿತ್ತು. ರಜೆಗೆ ತಾಳವಾಡಿಯ ಅವ್ವನ ಮನೆಗೆ ಬರುವಾಗ ಅದನ್ನೂ ತಂದಿದ್ದೆ. ಬೆಳಿಗ್ಗೆ ನೋಡಿದರೆ ಅದರ ಮೈತುಂಬ ವಿಭೂತಿ!

“ಮುಟ್ಟಬೇಡ ಅಂದಿರ್ಲಿಲ್ವಾ?” ಎಂದು ಅವ್ವನ ಮೇಲೆ ರೇಗಿದೆ.

“ಸತ್ತು ಬಾಳ ಕಾಲ ಆಯ್ತು ಅಂದ್ಯಲ್ಲ ಕೂಸೇ. ಇಬೂತಿ ಇಡ್ದೆ ಸತ್ತೋರ್ನ ಮಣ್ ಮಾಡಾರಾ? ಪಾಪ, ಅದುಕ್ಕೆ ಯಾರೂ ಇಟ್ಟಿಲ್ಲ.”

ಸಿಟ್ಟಿನಲ್ಲೇ ಒರೆಸಲು ಬಟ್ಟೆ ತೆಗೆದುಕೊಂಡವಳು ಹಾಗೇ ನಿಂತೆ. ಗುಳಿಗಳಲ್ಲಿ ಬಿಳಿ ಬೂದಿ ಕೂತು, ಇಷ್ಟು ದಿನ ಕಾಣದ ಸಾಲುಗಳು ಎದ್ದು ಕಾಣುತ್ತಿದ್ದವು.

“ಅವ್ವಾ, ಕುಲ ಸಿಕ್ಕಿತು!” ಎಂದು ಕೂಗಿದೆ.

“ಸಿಕ್ತಲ್ಲ, ಇನ್ನಾದ್ರೂ ಮಣ್ ಮಾಡ್ಬುಡು,” ಎಂದಳು ಅವ್ವ.