ವಿಲ್ಫ್‌ಗೆಂದೇ ಕಟ್ಟಿದ ಸುತ್ತು

ಕ್ವಿಜ್ ಅನ್ನುವ ಮಾತಿಗೆ ಯಾರ್ಕ್‌ಷೈರಿನ ನಮ್ಮೂರಲ್ಲಿ ಬಳಕೆ ಹಲವು. ಪೊಲೀಸರು ಕಳ್ಳನನ್ನು ಕೂರಿಸಿಕೊಂಡು ವಿಚಾರಿಸಿದರೆ ಪತ್ರಿಕೆಯವರಿಗೆ ಅದು ಕ್ವಿಜ್. ತಡವಾಗಿ ಬಂದ ಗಂಡನನ್ನು ಹೆಂಡತಿ ಬಾಗಿಲಲ್ಲೇ ನಿಲ್ಲಿಸಿ ಜಾಲಾಡಿದರೆ ಅದೂ ಕ್ವಿಜ್ಜೇ. ಆದರೆ ಮಂಗಳವಾರ ಸಂಜೆ ಅದಕ್ಕೆ ಒಂದೇ ಅರ್ಥ: ಪಬ್ಬಿನ ಮೂಲೆಯಲ್ಲಿ ಕ್ಲೆಮ್ ಬರಾಕ್ಲಫ್ ಮೈಕು ಹಿಡಿದು ಪ್ರಶ್ನೆ ಕೇಳಲು ನಿಂತಿದ್ದಾನೆ, ಎಲ್ಲರೂ ಬಾಯಿ ಮುಚ್ಚಬೇಕು. ಉಣ್ಣೆ ಗಿರಣಿಯಲ್ಲಿ ಬಣ್ಣ ಹಾಕುತ್ತಿದ್ದವನಿಗೆ ನಿವೃತ್ತಿಯ ಮೇಲೆ ಅದೇ ದರ್ಬಾರು. ಯಾರಾದರೂ ವಾದಕ್ಕೆ ನಿಂತರೆ, "ಹೋಗಿ ನಿಂದೇ ಒಂದು ಪಬ್ ತೆಗಿ," ಅನ್ನುತ್ತಿದ್ದ.

ವಿಲ್ಫ್ ಟಾರ್ಡಾಫ್ ಅವನ ಬಾಲ್ಯದ ಗೆಳೆಯ, ಬಸ್ಸು ಓಡಿಸುತ್ತಿದ್ದವನು. ಈಚೆಗೆ ಅವನಿಗೆ ನೆನಪು ಕೈಕೊಡತೊಡಗಿತ್ತು. ಅವನ ಮೇಜಿನ ತಂಡದವರು ಅವನನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ, ಉತ್ತರ ಬರೆಯುವ ಪೆನ್ನನ್ನೂ ಕೈಗೆ ಕೊಡುತ್ತಿರಲಿಲ್ಲ. ಅದನ್ನು ಕ್ಲೆಮ್‌ನಿಂದ ನೋಡಲಾಗಲಿಲ್ಲ. ಗೆಳೆಯ ನಾಲ್ಕು ಜನರೆದುರು ಒಮ್ಮೆ ಗೆಲ್ಲಲಿ ಎಂದು, ಅವನು ಬಸ್ಸು ಓಡಿಸಿದ ದಾರಿಯ ಮೇಲೆಯೇ ಒಂದು ಸುತ್ತು ಪ್ರಶ್ನೆ ಕಟ್ಟಿದ.

ವಿಲ್ಫ್‌ನ ಹೆಂಡತಿ ಜೀನ್ ಕೇಳಿದೊಡನೆ ಹೆದರಿದಳು. "ಬೇಡ ಕ್ಲೆಮ್. ನೆನಪಾಗದಿದ್ರೆ?"

"ಆಗದೆ ಏನು? ನಿದ್ದೇಲಿ ಎಬ್ಬಿಸಿ ಕೇಳಿದ್ರೂ ಹೇಳ್ತಾನೆ. ಸುಮ್ನಿರಮ್ಮ ನೀನು!"

ಈ ಹಟಮಾರಿ ಯಾರ ಮಾತನ್ನು ಕೇಳಿದ್ದಾನೆ?

"ಮಾರ್ಕೆಟ್ ಬಿಟ್ಟ ಮೇಲೆ ಬಸ್ಸು ಮೊದ್ಲು ನಿಲ್ಲೋದೆಲ್ಲಿ?" ಆ ಮಂಗಳವಾರ ಕ್ಲೆಮ್ ಮೈಕಿನಲ್ಲಿ ಕೇಳಿದ. ಎಲ್ಲರೂ ವಿಲ್ಫ್‌ನತ್ತ ತಿರುಗಿದರು. ಪೆನ್ನು ಅವನ ಕೈಗೆ ಬಂತು. ವಿಲ್ಫ್ ನಕ್ಕ. ನಗು ಮುಗಿಯಿತು, ಉತ್ತರ ಬರಲಿಲ್ಲ.

"ಇವನ ಬಸ್ಸಲ್ಲಿ ಕೂತೂ ಮನೆ ಸೇರ್ಕೊಂಡ್ವಲ್ಲ, ನಮ್ದು ಗಟ್ಟಿ ಪಿಂಡ ಬಿಡ್ರಪ್ಪಾ!" ಎಂದು ಯಾರೋ ಕೂಗಿದರು. ಪಬ್ಬೆಲ್ಲ ನಕ್ಕಿತು.

ಅಲ್ಲಿಗೆ ನಿಲ್ಲಿಸಬೇಕಿತ್ತು. ಕ್ಲೆಮ್ ಗಾಬರಿಯಲ್ಲಿ ಇನ್ನೊಂದು ಸುಲಭದ್ದನ್ನು ಎಸೆದ: "ಕೊನೇ ಸ್ಟಾಪು?"

ವಿಲ್ಫ್ ಪೆನ್ನು ಕೆಳಗಿಟ್ಟ. "ಜೀನ್, ಮನೆಗೆ ಹೋಗೋಣ," ಎಂದು ಮಗುವಿನ ಹಾಗೆ ಅತ್ತುಬಿಟ್ಟ. ಆಮೇಲೆ ಅವನು ಪಬ್ಬಿಗೆ ಬರಲಿಲ್ಲ. ಕ್ಲೆಮ್ ಕೂಡ ಮೈಕು ಮುಟ್ಟಲಿಲ್ಲ. ನಾನೇ ಅವನ ಮಾನ ಕಳೆದೆ ಎಂಬ ಕೊರಗು ಅವನಿಗೆ ಅನ್ನ ನೀರು ಸೇರಗೊಡಲಿಲ್ಲ.

ಚಳಿ ಶುರುವಾದ ಮೇಲೆ, ಒಂದು ಮಧ್ಯಾಹ್ನ ಕ್ಲೆಮ್ ಶುಂಠಿ ಕೇಕು ಹಿಡಿದುಕೊಂಡು ವಿಲ್ಫ್‌ನ ಮನೆಗೆ ಹೋದ. ಜೀನ್ ಬಾಗಿಲಲ್ಲೇ ತಡೆದಳು. "ಅವನನ್ನ ಏನೂ ಕೇಳ್ಬೇಡ. ಮಳೆ ಚಳಿ ಅಂತ ಏನಾದ್ರೂ ಮಾತಾಡು, ಸಾಕು."

ಕ್ಲೆಮ್ ಮಳೆಯ ಬಗ್ಗೆ ಹೇಳಿದ, ಫುಟ್‌ಬಾಲಿನ ಬಗ್ಗೆ ಹೇಳಿದ, ಸೋರುವ ಮಾಡಿನ ಬಗ್ಗೆಯೂ ಹೇಳಿದ.

"ಸಾಕು ನಿಲ್ಸೋ ಮಾರಾಯ," ವಿಲ್ಫ್ ತಡೆದ. "ನೀನು ಪ್ರಶ್ನೆ ಕೇಳೋನಲ್ವಾ? ಒಂದ್ ಕೇಳು. ಈಗ ಯಾರೂ ನನ್ನ ಏನೂ ಕೇಳಲ್ಲ. ನಂಗೆ ಟೀ ಬೇಕಾ ಅನ್ನೋದನ್ನೂ ಜೀನ್ ಹತ್ರಾನೇ ಕೇಳ್ತಾರೆ."

ಕ್ಲೆಮ್‌ನಲ್ಲಿ ಉಳಿದಿದ್ದು ಒಂದೇ ಪ್ರಶ್ನೆ.

"ನನ್ನ ಮೇಲೆ ಕೋಪ ಇದೆಯೇನೋ?"

ವಿಲ್ಫ್ ನೆನಪಲ್ಲಿ ತಡಕಾಡಿದ. "ಗೊತ್ತಾಗ್ತಿಲ್ಲ ಕಣೋ. ಉತ್ತರ ನಿನ್ ಹತ್ರ ಇರುತ್ತಲ್ಲ, ನೀನೇ ಹೇಳು."

"ಇಲ್ಲ," ಅಂದ ಕ್ಲೆಮ್.

"ಹಾಗಾದ್ರೆ ಇಲ್ಲ," ಎಂದು ವಿಲ್ಫ್ ಖುಷಿಯಿಂದ ಕೇಕಿಗೆ ಕೈ ಹಾಕಿದ. ತನಗೆ ತಾನೇ ಕೊಟ್ಟುಕೊಂಡ ಆ ಕ್ಷಮೆಗೆ ನಾಚಿದ ಕ್ಲೆಮ್, ಎದ್ದು ಹೋಗುವವರೆಗೂ ಗೆಳೆಯನ ಮುಖ ನೋಡಲಿಲ್ಲ.