ರೊಟ್ಟಿ ಬಡಿದು ನೋಡಿ ತಂದ ಲ್ಯಾಪ್‌ಟಾಪ್

ನನ್ನ ಹಳೆಯ ಲ್ಯಾಪ್‌ಟಾಪ್ ಒಂದು ಫೈಲ್ ತೆರೆಯುವ ಹೊತ್ತಿನಲ್ಲಿ ನಾನು ಮನೆಮಂದಿಗೆಲ್ಲ ರೊಟ್ಟಿ ಬಡಿದು ಮುಗಿಸುತ್ತಿದ್ದೆ. ಫೈಲಿನ ಮೇಲೆ ಕ್ಲಿಕ್ ಮಾಡಿ, ಎದ್ದು ಅಡುಗೆಮನೆಗೆ ಹೋಗಿ, ಒಲೆ ಹಚ್ಚಿ, ಕೊನೆಯ ರೊಟ್ಟಿ ಬುಟ್ಟಿಗೆ ಹಾಕಿ ಕೈ ತೊಳೆದುಕೊಂಡು ಬಂದರೆ ಪರದೆಯ ಮೇಲೆ ಗಣಪತಿಯ ಕಿರೀಟ ಮಾತ್ರ ಮೂಡಿರುತ್ತಿತ್ತು. ಸೊಂಡಿಲು ಇನ್ನೂ ಬರಬೇಕು. ಅದರ ಫ್ಯಾನಿನ ಸದ್ದಿಗೆ ನಮ್ಮ ಅತ್ತೆ "ಗಿರಣಿ ಚಾಲೂ ಆತು" ಎನ್ನುತ್ತಿದ್ದರು. ಚಾರ್ಜರ್‌ನ ತುದಿ ಸಡಿಲಾಗಿ, ಹಿಟ್ಟಿನ ಡಬ್ಬಿಗೆ ಆನಿಸಿ ಇಟ್ಟರಷ್ಟೇ ಕರೆಂಟ್ ತೆಗೆದುಕೊಳ್ಳುತ್ತಿತ್ತು. ಡಬ್ಬಿ ಯಾರಾದರೂ ಸರಿಸಿದರೆ ನನ್ನ ಮಧ್ಯಾಹ್ನದ ಕೆಲಸವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ನಾನು ಮಸ್ಕಿಯಲ್ಲಿ ಮನೆಯಲ್ಲೇ ಕೂತು ಲಗ್ನಪತ್ರಿಕೆ ಸಿದ್ಧಮಾಡುವವಳು. ಅಕ್ಷರ, ಚಿತ್ರ, ಅಂಚು, ಬಣ್ಣ ನನ್ನದು. ಅಚ್ಚು ಹಾಕುವುದು ಸಿಂಧನೂರಿನ ಪ್ರೆಸ್ಸಿನಲ್ಲಿ. ನಮ್ಮ ಕಡೆಯ ಲಗ್ನಪತ್ರಿಕೆ ಎಂದರೆ ಸಣ್ಣ ಸಂಗತಿಯಲ್ಲ. ಮೇಲೆ ಮನೆದೇವರು, ಊರದೇವರು, ಗುರುಗಳು. ಕೆಳಗೆ ಅಜ್ಜನಿಂದ ಹಿಡಿದು ತೊಟ್ಟಿಲ ಕೂಸಿನವರೆಗೆ ಹೆಸರು. ಯಾರ ಹೆಸರಾದರೂ ಒಂದು ಸಾಲು ಕೆಳಗಿಳಿದರೆ ಅವರು ಮದುವೆಗೆ ಬರುವುದಿಲ್ಲ, ಬಂದರೂ ಊಟ ಮಾಡುವುದಿಲ್ಲ. ಇಂಥ ಜಗಳಗಳನ್ನೆಲ್ಲ ಪತ್ರಿಕೆಯಲ್ಲೇ ಬಗೆಹರಿಸುವುದರಲ್ಲಿ ನನ್ನ ಕೈ ಪಳಗಿದೆ. ಯಾರ ಮನೆಗೆ ಹೋದರೂ ಗೋಡೆಗೆ ಸಿಕ್ಕಿಸಿದ ಪತ್ರಿಕೆ ನೋಡಿ ಇದು ನನ್ನದೇ ಎಂದು ಗುರುತು ಹಿಡಿದಾಗ ಆಗುವ ಹಿಗ್ಗು ಹೇಳತೀರದು.

ಆ ವರ್ಷ ಮದುವೆಗಳ ಕಾಲದಲ್ಲಿ ಸಂತೆಕಲ್ಲೂರಿನ ಒಂದು ದೊಡ್ಡ ಮನೆತನದ ಪತ್ರಿಕೆ ಬಂತು. ಅಣ್ಣತಮ್ಮಂದಿರ ಮಕ್ಕಳ ಮದುವೆಗಳೆಲ್ಲ ಒಂದೇ ಹಂದರದಲ್ಲಿ. ಅಷ್ಟೂ ಜೋಡಿಗಳ ಫೋಟೋ ಬೇಕು, ಅವರ ಮನೆಯ ದೇವರು ಬೇಕು, ಬೀಗರ ಮನೆಯ ದೇವರನ್ನೂ ಬಿಡುವಂತಿಲ್ಲ. ಆ ಫೈಲ್ ತೆರೆಯುವಾಗ ಲ್ಯಾಪ್‌ಟಾಪ್ ನರಳುತ್ತಿತ್ತು. ನಮ್ಮೂರ ಗುಡ್ಡದ ಬಂಡೆಗೆ ಉಳಿ ಹಿಡಿದು ಕೆತ್ತಿದ್ದರೂ ಅಷ್ಟು ಹೊತ್ತಿಗೆ ಪತ್ರಿಕೆ ಮುಗಿಯುತ್ತಿತ್ತು. ಎರಡು ಸಲ ಗಡುವು ಮೀರಿತು. ಪ್ರೆಸ್ಸಿನ ಮಾಲೀಕರು ಫೋನ್ ಮಾಡಿದರು.

"ಅಕ್ಕಾರ, ಶುಕ್ರವಾರ ಸಂಜಿಗೆ ಫೈಲ್ ಬರಲಿಲ್ಲಂದ್ರ ನಾ ಇಲ್ಲೇ ಒಬ್ಬನ್ನ ಕೂಡಿಸಿಕೋತೀನಿ. ಗಿರಾಕಿ ನನ್ನ ತಲಿ ತಿನ್ನಾಕತ್ತ್ಯಾರ. ಬ್ಯಾಸರ ಮಾಡ್ಕೋಬ್ಯಾಡ್ರಿ."

ಬೇಸರವೆಲ್ಲಿಂದ, ನನಗೆ ಬಂದಿದ್ದು ಸಿಟ್ಟು. ಅವರ ಮೇಲಲ್ಲ, ಅವರು ಹೇಳಿದ್ದು ಸರಿಯಿತ್ತು. ಒಬ್ಬನನ್ನು ಅಲ್ಲಿ ಕೂಡಿಸಿದರೆ ಮತ್ತೆ ಈ ಕೆಲಸ ನನ್ನ ಕೈಗೆ ಬರುವುದಿಲ್ಲವೆಂದು ಗೊತ್ತಿತ್ತು. ಸಿಟ್ಟು ಬಂದಿದ್ದು ಆ ಲ್ಯಾಪ್‌ಟಾಪನ್ನು ಮನೆಗೆ ತಂದ ರೀತಿಯ ಮೇಲೆ.

ಅದನ್ನು ತಂದವರು ನನ್ನ ಯಜಮಾನರು. ಅವರದು ಮಸ್ಕಿಯಲ್ಲಿ ಸುಟ್ಟ ಪಂಪ್‌ಸೆಟ್ ಮೋಟರಿಗೆ ಹೊಸ ತಂತಿ ಸುತ್ತುವ ಅಂಗಡಿ. ಕರೆಂಟಿನಿಂದ ನಡೆಯುವುದೆಲ್ಲ ತಮಗೆ ಗೊತ್ತು ಎಂಬುದು ಅವರ ನಂಬಿಕೆ. ಸಿಂಧನೂರಿನಲ್ಲಿ ಅವರ ಹಳೆಯ ಗೆಳೆಯರೊಬ್ಬರದು ಎಲೆಕ್ಟ್ರಾನಿಕ್ಸ್ ಅಂಗಡಿ. ಅಲ್ಲಿ ಚಹಾ ಕುಡಿದು, ಮಿರ್ಚಿ ಭಜಿ ತಿಂದು, ಅವರು ಎತ್ತಿಕೊಟ್ಟ ಡಬ್ಬಿಯನ್ನು ಸೀಲು ಕೂಡ ಒಡೆಯದೆ ತಂದಿದ್ದರು. ಮನೆಗೆ ಬಂದ ಮೇಲೆ ಡಬ್ಬಿಗೆ ಕುಂಕುಮ ಹಚ್ಚಿ ತೆರೆದದ್ದು. ನಮ್ಮ ಸೀಮೆಯಲ್ಲಿ ಇದೊಂದು ಕಟ್ಟಳೆಯೇ ಆಗಿದೆ. ಪರಿಚಯದವರ ಅಂಗಡಿಯಲ್ಲಿ ಸಾಮಾನು ತೆಗೆದು ನೋಡಿದರೆ ಅವರಿಗೆ ಅವಮಾನ. "ಪರಿಚಯದಾಗ ಪರೀಕ್ಷಾ ಏನಬೇ?" ಎಂದು ನನ್ನ ಬಾಯಿ ಮುಚ್ಚಿಸಿದ್ದರು. ಹೀಗೆ ಪರಿಚಯದಲ್ಲಿ ತಂದ ಮಿಕ್ಸಿ, ಪರಿಚಯದಲ್ಲಿ ತಂದ ಫ್ಯಾನು ನಮ್ಮ ಅಟ್ಟದ ಮೇಲೆ ಇವೆ. ಪರಿಚಯ ಮಾತ್ರ ಇನ್ನೂ ಚೆನ್ನಾಗಿದೆ.

ಫೋನ್ ಬಂದ ದಿನವೇ ಸಂತೆಕಲ್ಲೂರಿನ ಕಡೆಯ ರೈತರೊಬ್ಬರು ಬಾಗಿಲಿಗೆ ಜೋಳ ತಂದಿದ್ದರು. ಅತ್ತೆ ಚೀಲಕ್ಕೆ ಕೈ ಹಾಕಲಿಲ್ಲ. ಒಂದು ಬಟ್ಟಲು ಜೋಳ ಈಸಿಕೊಂಡು, ಬೀಸುಕಲ್ಲಿಗೆ ಹಾಕಿ, ಹಿಟ್ಟು ನಾದಿ ಒಂದು ರೊಟ್ಟಿ ಬಡಿದರು. ರೈತರು ಕಟ್ಟೆಯ ಮೇಲೆ ಕೂತು ಆರಾಮಾಗಿ ಎಲೆಅಡಿಕೆ ಹಾಕುತ್ತಿದ್ದರು. ರೊಟ್ಟಿ ಅಂಚಿನಲ್ಲಿ ಸೀಳಿತು. ಅತ್ತೆ ಸೀಳಿದ ರೊಟ್ಟಿಯನ್ನು ಅವರಿಗೇ ಪಲ್ಯದ ಜೊತೆ ಬಡಿಸಿ ಹೇಳಿದರು: "ಬಣ್ಣ ಚಲೋ ಐತಿ. ಜಿಗಿ ಇಲ್ಲ. ಬ್ಯಾಡಪಾ." ಅವರು ರೊಟ್ಟಿ ತಿಂದು, "ಮ್ಯಾಲಿನ ಮಡ್ಡಿ ಹೊಲದ್ದು ಬ್ಯಾರೆ ಐತ್ರಿ, ನಾಳಿ ತರ್ತೀನಿ" ಎಂದು ಚೀಲ ಎತ್ತಿಕೊಂಡು ಹೋದರು. ಅವರಿಗೆ ಒಂದಿಷ್ಟೂ ಬೇಜಾರಾಗಲಿಲ್ಲ. ಇಲ್ಲಿ ಜೋಳ ಕೊಳ್ಳುವ ಎಲ್ಲರೂ ಹೀಗೇ ಕೊಳ್ಳುವುದು. ಜಿಗಿ ಎಂದರೆ ಹಿಟ್ಟಿನ ಅಂಟು. ಅದಿದ್ದರೆ ರೊಟ್ಟಿ ಎಷ್ಟು ಅಗಲ ಬಡಿದರೂ ಹರಿಯುವುದಿಲ್ಲ. ಅದು ಕಣ್ಣಿಗೆ ಕಾಣುವುದಿಲ್ಲ, ಬಡಿದೇ ನೋಡಬೇಕು.

ನಾನು ಅಲ್ಲೇ ಕೂತು ನೋಡುತ್ತಿದ್ದೆ. ಒಂದು ಚೀಲ ಜೋಳಕ್ಕೆ ಇಷ್ಟು ಪರೀಕ್ಷೆ, ಹೊಟ್ಟೆಪಾಡಿನ ಲ್ಯಾಪ್‌ಟಾಪಿಗೆ ಬರೀ ಕುಂಕುಮವೇ? ಅಂದೇ ಸಂತೆಕಲ್ಲೂರಿನ ಫೈಲನ್ನೂ, ಅದನ್ನು ತೆರೆಯುವ ಸಾಫ್ಟ್‌ವೇರನ್ನೂ, ನನ್ನ ಕನ್ನಡ ಫಾಂಟುಗಳನ್ನೂ ಪೆನ್‌ಡ್ರೈವಿಗೆ ತುಂಬಿಕೊಂಡೆ. ಹಳೆಯ ಲ್ಯಾಪ್‌ಟಾಪ್ ಅದಕ್ಕೂ ಸಂಜೆಯವರೆಗೆ ಸತಾಯಿಸಿತು.

ಗುರುವಾರ ಹೊಸ ಲ್ಯಾಪ್‌ಟಾಪ್ ಕೊಳ್ಳಲು ಸಿಂಧನೂರಿಗೆ ಹೋದೆವು, ಯಜಮಾನರ ಹಟಕ್ಕೆ ಅದೇ ಅಂಗಡಿಗೆ. ಯಜಮಾನರ ಗೆಳೆಯರು ಬಾಗಿಲಲ್ಲೇ ಎದುರುಗೊಂಡರು.

"ಬಾ ತಂಗೆವ್ವ, ನಿನ್ನ ಸಲುವಾಗಿನ ಒಂದು ಪೀಸ್ ತೆಗೆದಿಟ್ಟೀನಿ. ಪ್ಯಾಕ್ ಮಾಡಿಸ್ತೀನಿ, ನೀವು ಚಾ ಕುಡೀರಿ."

ತೆಳ್ಳಗೆ, ಬೆಳ್ಳಗೆ, ಚಂದವಿತ್ತು. ಕೀಲಿಗಳ ಕೆಳಗೆ ಕೆಂಪು ನೀಲಿ ದೀಪ ಓಡಾಡುತ್ತಿದ್ದವು. ನಾನು ಪೆನ್‌ಡ್ರೈವ್ ತೆಗೆದೆ. "ಅಣ್ಣಾರ, ಇದರಾಗ ನನ್ನ ಕೆಲಸ ಒಮ್ಮಿ ಓಡಿಸಿ ನೋಡ್ತೀನ್ರಿ."

ಅವರು ನನ್ನನ್ನು ನೋಡಲಿಲ್ಲ, ನನ್ನ ಯಜಮಾನರನ್ನು ನೋಡಿದರು. "ಏನಪಾ, ನಮ್ಮ ಮ್ಯಾಲ ನಂಬಿಕಿ ಇಲ್ಲೇನು?" ಯಜಮಾನರು ಮೇಜಿನ ಕೆಳಗೆ ನನ್ನ ಕಾಲು ತುಳಿದರು. ನಾನು ಕಾಲು ಎಳೆದುಕೊಂಡೆ, ಪೆನ್‌ಡ್ರೈವ್ ಎಳೆದುಕೊಳ್ಳಲಿಲ್ಲ.

"ಅಣ್ಣಾರ, ನಿಮ್ಮ ಮನ್ಯಾಗ ಜ್ವಾಳ ಹೆಂಗ ತಗೋತೀರಿ?"

"ರೊಟ್ಟಿ ಮಾಡಿ ನೋಡಿ ತಗೋತೀವಿ. ಯಾಕ?"

"ನಾನೂ ಅಷ್ಟ ಮಾಡಾಕತ್ತೀನ್ರಿ."

ಅಂಗಡಿಯಲ್ಲಿದ್ದ ಗಿರಾಕಿಗಳು ನಕ್ಕರು. ಯಜಮಾನರ ಗೆಳೆಯರೂ ಬೇರೆ ದಾರಿಯಿಲ್ಲದೆ ನಕ್ಕು, ಯಂತ್ರವನ್ನು ನನ್ನ ಕಡೆ ತಿರುಗಿಸಿದರು. ದೇವರುಗಳು ಒಬ್ಬೊಬ್ಬರಾಗಿ ಬಂದರು. ಹೆಸರುಗಳು ಬಂದವು. ವಧೂವರರ ಫೋಟೋ ಬರುವ ಹೊತ್ತಿಗೆ ಪರದೆ ಬೆಳ್ಳಗಾಗಿ ನಿಂತುಬಿಟ್ಟಿತು. ಕೀಲಿಗಳ ಕೆಳಗಿನ ದೀಪಗಳು ಮಾತ್ರ ಜೋರಾಗಿ ಕುಣಿಯುತ್ತಿದ್ದವು.

"ನಿನ್ನ ಪತ್ರಿಕಾದಾಗ ಮಂದಿ ಭಾಳ ಆಗ್ಯಾರ ತಂಗೆವ್ವ," ಎಂದರು ಅವರು.

"ಬೀಗರ ಮಂದಿ ಕಡಿಮಿ ಮಾಡಾಕ ನಾ ಯಾರ್ರಿ ಅಣ್ಣಾರ?" ಎಂದು ಎದ್ದುಬಂದೆ.

ಬಸ್ಸಿನಲ್ಲಿ ಯಜಮಾನರು ಕಿಟಕಿಯಾಚೆಗಿನ ಭತ್ತದ ಗದ್ದೆ ನೋಡುತ್ತ ಕೂತರು. ಕಾಲುವೆ ದಾಟಿದ ಮೇಲೆ, "ಮಂದಿ ಮುಂದ ನನ್ನ ಮಾನ ಕಳದಿ" ಎಂದರು. ಅಷ್ಟು ಹೊತ್ತು ತಡೆದುಕೊಂಡಿದ್ದು ನನಗೂ ಬಾಯಿಗೆ ಬಂತು. "ನೀವು ಮೋಟರ್ ಸುತ್ತಿದ ಮ್ಯಾಲ ಒಮ್ಮಿನೂ ಓಡಿಸಿ ನೋಡದ ಗಿರಾಕಿಗಿ ಕೊಟ್ಟೀರೇನು? ಅವರೂ ನಿಮ್ಮ ಪರಿಚಯದವ್ರ ಅಲ್ಲೇನು?" ಅವರು ಮನೆಗೆ ಬಂದು ಉಂಡು ಮಲಗಿದರು. ಮರುದಿನ ಬೆಳಿಗ್ಗೆ ಬೇರೆ ಅಂಗಡಿ ಹುಡುಕಲು ನಾನು ಬಸ್ಸಿಗೆ ಹೊರಟು ನಿಂತರೆ ಅವರು ಅಂಗಡಿಯ ಬಾಗಿಲು ತೆರೆಯದೆ ಗಾಡಿ ಹೊರಗೆ ತೆಗೆಯುತ್ತಿದ್ದರು. "ಗಾಡಿ ಹತ್ತು. ಲಿಂಗಸುಗೂರಿಗಿ ಹೋಗೂನು. ಅಲ್ಲಿ ನನಗ ಯಾರೂ ಪರಿಚಯ ಇಲ್ಲ."

ಲಿಂಗಸುಗೂರಿನ ಬಸ್‌ಸ್ಟ್ಯಾಂಡಿನ ಹತ್ತಿರ ಕಂಡ ಮೊದಲ ಕಂಪ್ಯೂಟರ್ ಅಂಗಡಿಗೆ ನುಗ್ಗಿದೆವು. ಮಾಲೀಕರು ಜಾಲರಿ ಟೋಪಿ ಹಾಕಿಕೊಂಡಿದ್ದ ನಡುವಯಸ್ಸಿನವರು. ಫೋನಿನಲ್ಲಿ ಮನೆಯವರ ಜೊತೆ ದಖನಿ ಉರ್ದುವಿನಲ್ಲಿ ಮಾತಾಡುತ್ತಿದ್ದವರು, ನಮ್ಮನ್ನು ಕಂಡು ಅದನ್ನು ಕೆಳಗಿಟ್ಟರು. ನನ್ನ ಷರತ್ತು ಹೇಳಿದೆ. ಅವರಿಗೆ ಖುಷಿಯೇ ಆಯಿತು. ಮೊದಲನೆಯ ಯಂತ್ರದಲ್ಲಿ ಫೈಲ್ ತೆವಳುತ್ತಿದ್ದಾಗ ಪರದೆಯೊಳಗೆ ಇಣುಕಿ, "ಅಕ್ಕಾರ, ಇದು ಲಗ್ನಪತ್ರಿಕಾನೋ, ವೋಟರ್ ಲಿಸ್ಟೋ?" ಎಂದರು. ಎರಡನೆಯದು ಚುರುಕಾಗಿತ್ತು. ಆದರೆ ಅದರ ಪರದೆಯಲ್ಲಿ ನನ್ನ ಅರಿಶಿನದ ಬಣ್ಣ ನಿಂಬೆಕಾಯಿಯ ಹಸಿರಾಗಿ ಕಂಡಿತು. ಬಣ್ಣ ನಂಬಲಾಗದ ಪರದೆಯ ಮುಂದೆ ಕೂತು ಮದುವೆಯ ಪತ್ರಿಕೆ ಮಾಡುವುದು ಹೇಗೆ? ಅದೂ ಬೇಡವೆಂದೆ. ಯಜಮಾನರು ಈ ಸಲ ಕಾಲು ತುಳಿಯಲಿಲ್ಲ. "ಆ ಮ್ಯಾಲಿಂದು ಇಳಸ್ರಿ" ಎಂದು ಅವರೇ ಕೈ ತೋರಿಸಿದರು.

ಅದು ದಪ್ಪಗೆ, ಕರ್ರಗೆ, ಮೂಲೆಯಲ್ಲಿ ಧೂಳು ಹಿಡಿದು ಕೂತಿತ್ತು. ದೀಪವಿಲ್ಲ, ಮಿಂಚಿಲ್ಲ. ಸಾಫ್ಟ್‌ವೇರ್ ಹಾಕಿ ಕ್ಲಿಕ್ ಮಾಡಿದೆ. ಸೆರಗು ಸರಿಮಾಡಿಕೊಂಡು ಕಣ್ಣೆತ್ತುವಷ್ಟರಲ್ಲಿ ದೇವರು, ಗುರುಗಳು, ಅಜ್ಜಂದಿರು, ಮದುಮಕ್ಕಳು, ತೊಟ್ಟಿಲ ಕೂಸು ಎಲ್ಲರೂ ಬಂದು ನಿಂತಿದ್ದರು. ಅರಿಶಿನ ಅರಿಶಿನವಾಗಿಯೇ ಇತ್ತು. ಆದರೂ ಬಿಡಲಿಲ್ಲ.

"ಚಾರ್ಜರ್ ತೆಗೀರಿ. ನಮ್ಮ ಕಡಿ ಕರೆಂಟ್ ಹೆಂಗ ಹೋಗತೈತಿ ನಿಮಗ ಗೊತ್ತ ಐತಿ. ಅದಿಲ್ಲದ ಎಷ್ಟು ಹೊತ್ತು ಎಳಿತೈತಿ ನೋಡ್ತೀನಿ."

ಹಾಗೆಂದು ಆ ಪತ್ರಿಕೆಯ ಉಳಿದ ಕೆಲಸಕ್ಕೇ ಕೈ ಹಾಕಿದೆ. ಶುಕ್ರವಾರ ಸಂಜೆಯ ಗಡುವು ತಲೆಯ ಮೇಲಿತ್ತು, ಪರೀಕ್ಷೆಯೂ ಆಗಲಿ, ಕೆಲಸವೂ ಆಗಲಿ. ಅಂಚು ಕೂಡಿಸಿದೆ, ಫೋಟೋಗಳನ್ನು ಒಂದೇ ಅಳತೆಗೆ ತಂದೆ, ಬೀಗರ ಸಾಲನ್ನು ಸರಿಮಾಡಿದೆ. ಮಧ್ಯಾಹ್ನವಾಯಿತು. ಮಾಲೀಕರು ಗಡಿಯಾರ ನೋಡಿ ಎದ್ದರು. ಜುಮ್ಮಾ ನಮಾಜಿನ ಹೊತ್ತು, ಅಂಗಡಿ ಮುಚ್ಚಬೇಕು. ಅವರು ಒಮ್ಮೆ ಪರದೆಯ ಕಡೆ, ಒಮ್ಮೆ ನನ್ನ ಕಡೆ ನೋಡಿದರು.

"ನೀವು ಕುಂದ್ರಿ ಅಕ್ಕಾರ. ಅರ್ಧಾ ಶಟರ್ ಎಳದು ಹೋಗ್ತೀನಿ. ಮದವಿ ಕೆಲಸ ನಡುವ ನಿಲ್ಲಸಬಾರದು."

ಹೆಸರು ಕೇಳದೆ, ಊರು ಕೇಳದೆ, ಅಂಗಡಿಯನ್ನೇ ನಮ್ಮ ಮೇಲೆ ಬಿಟ್ಟು ಹೋದರು. ಪರೀಕ್ಷೆ ಮಾಡಿದರೆ ನಂಬಿಕೆ ಹೋಗುತ್ತದೆ ಎಂದು ಹೇಳಿಕೊಂಡು ಬಂದವರು ನಾವು. ಯಜಮಾನರು ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕಾವಲುಗಾರನ ಹಾಗೆ ಕೂತರು. ಸ್ವಲ್ಪ ಹೊತ್ತಿಗೆ ಕರೆಂಟೂ ಹೋಯಿತು. ಫ್ಯಾನು ನಿಂತಿತು, ಕರಿಯ ಯಂತ್ರ ನಿಲ್ಲಲಿಲ್ಲ. ಯಜಮಾನರಿಗೆ ರೊಟ್ಟಿಯ ಗಂಟು ಬಿಚ್ಚಿಕೊಟ್ಟು, ನಾನು ಒಂದು ಕೈಯಲ್ಲಿ ತಿನ್ನುತ್ತ ಇನ್ನೊಂದು ಕೈಯಲ್ಲಿ ಕೆಲಸ ಮುಗಿಸಿದೆ. ಅವರ ಫೋನಿನ ಇಂಟರ್‌ನೆಟ್ ಕೂಡಿಸಿ ಪ್ರೆಸ್ಸಿಗೆ ಫೈಲ್ ಕಳಿಸಿಯೂ ಆಯಿತು. ಇನ್ನೂ ಬಿಸಿಲು ಇಳಿದಿರಲಿಲ್ಲ. ಪ್ರೆಸ್ಸಿನವರ ಫೋನ್ ಬಂತು.

"ಅಕ್ಕಾರ, ಇಷ್ಟು ಜಲ್ದಿ! ಖರೇನ ನೀವ ಮಾಡೀರೇನು?"

"ನಾನ ಮಾಡೀನ್ರಿ. ಮತ್ತ ಅಲ್ಲಿ ಯಾರನ್ನಾದ್ರೂ ಕೂಡಸೀರಿ, ಹುಷಾರ್!"

ಅವರು ಜೋರಾಗಿ ನಕ್ಕು, ಗುರುಗುಂಟಾದ ಇನ್ನೊಂದು ಮದುವೆಯ ಕೆಲಸ ಆಗಲೇ ಒಪ್ಪಿಸಿದರು. ನಮಾಜು ಮುಗಿಸಿ ಬಂದ ಮಾಲೀಕರಿಗೆ ನಾನು ಹೇಳಿದ್ದು ಒಂದೇ ಮಾತು. "ಇದನ್ನ ಡಬ್ಬಿಗೆ ಹಾಕಬ್ಯಾಡ್ರಿ, ಹಂಗ ಕೊಡ್ರಿ." ಗಾಡಿಯ ಮೇಲೆ ದಾರಿಯುದ್ದಕ್ಕೂ ಅದನ್ನು ಕೂಸಿನಂತೆ ಅಪ್ಪಿಕೊಂಡು ಕೂತಿದ್ದೆ. ಮನೆಯ ಬಾಗಿಲಲ್ಲಿ ಅತ್ತೆ ಕುಂಕುಮದ ಭರಣಿ ಹಿಡಿದು ನಿಂತಿದ್ದರು. ಯಂತ್ರಕ್ಕೆ ಬೇಡವೆಂದು ಅದರ ಚೀಲವನ್ನು ಮುಂದೆ ಹಿಡಿದೆ. ಅವರು ಚೀಲಕ್ಕೇ ಹಚ್ಚಿ ಕೇಳಿದರು:

"ಜಿಗಿ ಐತೇನಬೇ?"

"ಐತ್ರಿ ಅತ್ತಿ. ಎಷ್ಟು ಅಗಲ ಬಡದ್ರೂ ಹರೀಲಿಲ್ಲ."

ಮದುವೆಗಳ ಕಾಲ ಮುಗಿಯುವ ಮುಂಚೆ ಒಂದು ಮಧ್ಯಾಹ್ನ ಸಿಂಧನೂರಿನ ಆ ಗೆಳೆಯರು ನಮ್ಮ ಮನೆಗೆ ಬಂದರು. ಅವರ ಮಗಳ ಮದುವೆ ಗೊತ್ತಾಗಿತ್ತು. ಪತ್ರಿಕೆ ನಾನೇ ಮಾಡಬೇಕಂತೆ. ಹೆಸರುಗಳನ್ನೆಲ್ಲ ಬರೆಸಿ ಹೋದರು. ಕೆಲಸ ಮುಗಿದಿದೆ ಎಂದು ತಿಳಿಸಿದ ದಿನ ಮತ್ತೆ ಬಂದು, ನೀರು ಕುಡಿದು, ಕೆಮ್ಮಿ, ಗಂಟಲು ಸರಿಮಾಡಿಕೊಂಡರು.

"ತಂಗೆವ್ವ, ಪ್ರೆಸ್ಸಿಗಿ ಕಳಸೂಕಿಂತ ಮೊದಲ ಒಮ್ಮಿ ತೋರಿಸಿಬಿಡಬೇ. ನೋಡಿಬಿಡ್ತೀನಿ."

ಇಂಥ ಅವಕಾಶ ಯಾರಾದರೂ ಬಿಡುತ್ತಾರೆಯೇ? "ಪರಿಚಯದಾಗ ಪರೀಕ್ಷಾ ಏನ್ರಿ ಅಣ್ಣಾರ?" ಎಂದೆ.

ಮೊದಲು ನಕ್ಕವರು ನನ್ನ ಯಜಮಾನರು. ಒಳಗೆ ಅತ್ತೆ ನಕ್ಕಿದ್ದೂ ಕೇಳಿಸಿತು. ಗೆಳೆಯರು ಎರಡೂ ಕೈ ಎತ್ತಿ ಮುಗಿದರು. "ಸಾಕ ಮಾಡವ್ವ. ಈಗ ನನ್ನ ಅಂಗಡಿಗಿ ಬರೋ ಮಂದಿ ಎಲ್ಲಾ ಪೆನ್‌ಡ್ರೈವ್ ಹಿಡಕೊಂಡ ಬರಾಕತ್ತ್ಯಾರ. ಓಡಿಸಿ ನೋಡದ ಒಂದೂ ತಗೊಳ್ಳಂಗಿಲ್ಲ. ಯಾರು ಕಲಿಸ್ಯಾರ ಅಂತ ಕೇಳಿದ್ರ, ಮಸ್ಕಿ ಮೋಟರ್ ಅಂಗಡಿಯಾಂವ ಹೇಳ್ಯಾನ ಅಂತಾರ."

ನಾನು ತಿರುಗಿ ಯಜಮಾನರನ್ನು ನೋಡಿದೆ. ಅವರು ಛಾವಣಿಯ ಫ್ಯಾನು ನೋಡುತ್ತಿದ್ದರು. ನಾನು ಕರಿಯ ಯಂತ್ರವನ್ನು ಗೆಳೆಯರ ಕಡೆ ತಿರುಗಿಸಿ ಫೈಲ್ ತೆರೆದೆ. ಅವರ ಕಡೆಯ ದೇವರು, ಮಗಳು, ಅಳಿಯ, ಮಂದಿಯೆಲ್ಲ ಒಟ್ಟಿಗೆ ಬಂದರು.