ವನಗೂರಿನಲ್ಲಿ ಶ್ರುತಿ ಇಳಿದ ಸಂಜೆ

ವನಗೂರಿನ ರಂಗೇಗೌಡರಿಗೆ ನಮ್ಮ ಹಾಡಿನಿಂದ ಮಾತು ಬಂತು ಎಂದು ಇವತ್ತಿಗೂ ಹೇಳುವವರಿದ್ದಾರೆ. ಸುಳ್ಳು. ಬಂದದ್ದು ಮಾತಲ್ಲ, ರಾಗ. ಅದೂ ನಮ್ಮ ಸ್ಯಾಮುವೇಲನ ಗಂಟಲು ಕಟ್ಟಿದ್ದರಿಂದ.

ಎರಡು ವರ್ಷದ ಹಿಂದಿನ ಸಂಗತಿ. ಸಕಲೇಶಪುರದ ಹಾಡಿನ ತಂಡದಲ್ಲಿ ನಾನು ಆಗಿನ್ನೂ ತಾಳ ಹಾಕುತ್ತಿದ್ದೆ, ಅಡುಗೆಯನ್ನೂ ಮಾಡುತ್ತಿದ್ದೆ. ಓದಿದ್ದು ನಾಲ್ಕನೇ ಕ್ಲಾಸು. ತಾಳಕ್ಕೆ ಅಷ್ಟು ಸಾಕು. ಪ್ರಾರ್ಥನೆಗೆ ಪಾಸ್ಟರು, ಹಾರ್ಮೋನಿಯಂಗೆ ಸ್ಯಾಮುವೇಲ, ಜೀಪಿಗೆ ರಫೀಕ್. ಎಸ್ಟೇಟಿನ ಕೂಲಿಯವರ ಲೈನ್ ಮನೆಗಳ ಮುಂದೆ, ಕಾಫಿ ಒಣಗಿಸುವ ಕಣದಲ್ಲಿ, ಕರೆದಲ್ಲಿ ಯೇಸುವಿನ ಹಾಡು ಹಾಡಿ, ಕೊಟ್ಟ ಕಾಫಿ ಕುಡಿದು ಮುಂದಿನ ಗುಡ್ಡ ಹತ್ತುತ್ತಿದ್ದೆವು. ಡೀಸೆಲ್ ವಾಸನೆ ಎಲ್ಲಾದರೂ ಬಂದರೆ ಈಗಲೂ ಕಾಲು ತಾನೇ ಏಳುತ್ತದೆ.

ಹಾರ್ಮೋನಿಯಂನ ಕಪ್ಪು, ಬಿಳಿ ಮನೆಗಳಲ್ಲಿ ಬೆರಳು ಒತ್ತಿ ಯಾವುದರಿಂದ ಹಾಡು ಶುರುವಾಗುತ್ತದೋ ಅದೇ ಅದರ ಶ್ರುತಿ, ಅಂದರೆ ಎತ್ತರ. ಸ್ಯಾಮುವೇಲ ಸದಾ ಕಪ್ಪು ಎರಡು, ಅಂದರೆ ಎರಡನೇ ಕಪ್ಪು ಮನೆ ಹಿಡಿಯುತ್ತಿದ್ದ. ಅಷ್ಟು ಮೇಲೆ ಅವನೊಬ್ಬನೇ ಹೋಗುತ್ತಿದ್ದ. ಜನ ಬಾಯಿಬಿಟ್ಟು ಕೇಳುತ್ತಿದ್ದರು, ಜೊತೆಗೆ ಹಾಡುತ್ತಿರಲಿಲ್ಲ.

ವನಗೂರಿಗೆ ಕರೆದದ್ದು ರಂಗೇಗೌಡರ ಹೆಂಡತಿ ಜಯಮ್ಮ. ಸ್ವಲ್ಪ ಕಾಫಿ, ಸ್ವಲ್ಪ ಏಲಕ್ಕಿ ಇದ್ದವರು. ಗೌಡರು ಊರ ಭಜನೆಗೆ ದನಿ ಎತ್ತುತ್ತಿದ್ದವರು. ಸ್ಟ್ರೋಕ್ ಆಗಿ ಮಾತು ನಿಂತ ಮೇಲೆ ಯಾರಿಗೂ ಮುಖ ಕೊಡದೆ ಗೋಡೆಗೆ ತಿರುಗಿ ಕೂರುತ್ತಿದ್ದರು.

"ಯಾವ ದೇವ್ರ ಹಾಡಾದ್ರೂ ಆಗ್ಲಿ ಕಣಜ್ಜಿ," ಎಂದಳು ಜಯಮ್ಮ ನನಗೆ. "ಒಂದ್ಸಲ ಅವ್ರ ದನಿ ಕೇಳ್ಬೇಕು ನಂಗೆ."

ಬೆಳಿಗ್ಗೆಯಿಂದ ಮಂಜಿನಲ್ಲಿ ತೆರೆದ ಜೀಪು. ಸ್ಯಾಮುವೇಲನ ಗಂಟಲು ಕೂತಿತ್ತು. ಸಂಜೆ ಗೌಡರ ನಡುಮನೆಯಲ್ಲಿ ಕೂತು ಕಪ್ಪು ಎರಡರಲ್ಲಿ ಎತ್ತಿದ, ದನಿ ಒಡೆಯಿತು. ಮತ್ತೆ ಎತ್ತಿದ, ಮತ್ತೆ ಒಡೆಯಿತು.

"ಏನ್ ಮಾರಾಯ, ನಮ್ ಸೈಲೆನ್ಸರೇ ವಾಸಿ ಐತಲ್ಲೋ," ಎಂದ ರಫೀಕ್ ಬಾಗಿಲಿನಿಂದ. "ಗೇರ್ ಇಳ್ಸು."

ಸ್ಯಾಮುವೇಲ ಮುಖ ಸಪ್ಪಗೆ ಮಾಡಿಕೊಂಡು ಬಿಳಿ ಒಂದಕ್ಕೆ ಇಳಿದ. ನಮ್ಮಂಥವರು ಹಾಡುವ ಎತ್ತರ ಅದು. ಎರಡನೇ ಸಲ ಪಲ್ಲವಿಗೆ ಬರುವಾಗ ಗೌಡರ ಬೆರಳು ತೊಡೆಯ ಮೇಲೆ ತಾಳ ಹಿಡಿದದ್ದನ್ನು ಕಂಡೆ. ಮೂರನೇ ಸಲ ಸ್ಯಾಮುವೇಲ ಕೆಮ್ಮಿ ಅರ್ಧದಲ್ಲಿ ನಿಂತುಬಿಟ್ಟ. ಹಾಡು ನಿಲ್ಲಲಿಲ್ಲ. ಗೋಡೆಯ ಕಡೆಯಿಂದ ಬರುತ್ತಿತ್ತು. ಪದವಿಲ್ಲ, ಬರೀ ಗುನುಗು, ಆದರೆ ಸ್ವರ ಒಂದೂ ಜಾರಲಿಲ್ಲ. ಸ್ಯಾಮುವೇಲ ಬಾಯಿ ಮುಚ್ಚಿ ಅವರ ಹಿಂದೆ ಹಾರ್ಮೋನಿಯಂ ಒತ್ತುತ್ತಾ ಹೋದ. ಜಯಮ್ಮ ಸೌಟು ಹಿಡಿದೇ ಒಳಗಿನಿಂದ ಬಂದಳು. "ಅವ್ರೇ ಕಣಜ್ಜಿ. ಅವ್ರೇ."

ಪಾಸ್ಟರು ಕೈ ಎತ್ತಿದರು. "ನಾಳೆ ಮಗ್ಗೆ ಊರಿನ ಸಭೆಯಲ್ಲಿ ಇದನ್ನು ಸಾಕ್ಷಿಯಾಗಿ ಹೇಳಬೇಕು. ಮಾತು ಹೋದವರಿಗೆ ಮಾತು ಬಂತು!"

"ಎಲ್ಲಿ ಬಂತಯ್ಯಾ? ನೀರ್ ಬೇಕಾ ಅಂತ ಕೇಳಿ, ಹೇಳ್ತಾರಾ ನೋಡಾನ," ಎಂದೆ.

ಕೇಳಿದರು. ಗೌಡರು ಬಾಯಿ ತೆರೆದರು, ಮಾತು ಬರಲಿಲ್ಲ. ಆದರೆ ಮುಖ ನಮ್ಮ ಕಡೆಗಿತ್ತು.

"ಮುಂದಕ್ಕಾದ್ರೂ ಬತ್ತದಾ ಅಜ್ಜಿ?" ಎಂದಳು ಜಯಮ್ಮ.

"ಗೊತ್ತಿಲ್ಲ ಕಣವ್ವ, ಡಾಕ್ಟ್ರನ್ನ ಕೇಳು. ದನಿ ಐತೆ. ನೀನೂ ಜೊತೆಗೆ ಹಾಡು."

ಪಾಸ್ಟರು ಮಗ್ಗೆಯಲ್ಲಿ ಹೇಳಿಯೇಬಿಟ್ಟರು. ಸುಳ್ಳು ಹುಟ್ಟಿದ್ದು ಅಲ್ಲಿಂದ. ಗೌಡರಿಗೆ ಇವತ್ತಿಗೂ ಮಾತಿಲ್ಲ. ಸಂಜೆ ಇಬ್ಬರೂ ಹಾಡುತ್ತಾರಂತೆ, ಅವಳು ಪದ, ಅವರು ರಾಗ.

ಕೃಪೆಯ ಹಾಡನ್ನು ನಾವು ಊರೂರಿಗೆ ಹಂಚಲು ಹೊತ್ತವರ ಹಾಗೆ ತಿರುಗಿದೆವು. ಆ ಸಂಜೆ ನಮ್ಮದೇ ಹಾಡು ನಿಂತಾಗ ಮುಂದಕ್ಕೆ ದಾಟಿಸಿದವರು ಗೌಡರು. ಕೃಪೆ ಅವರಿಗೆ ಎಷ್ಟು ಬೇಕಿತ್ತೋ ನಮಗೂ ಅಷ್ಟೇ ಬೇಕಿತ್ತು. ಆ ಕೆಲಸ ನನಗೆ ಕಲಿಸಿದ್ದು ಇದಿಷ್ಟೇ.

ಮರುದಿನ ಬೆಳಿಗ್ಗೆ ನನ್ನ ಮೆಣಸಿನ ಕಷಾಯಕ್ಕೆ ಸ್ಯಾಮುವೇಲನ ಗಂಟಲು ತೆರೆದಿತ್ತು. ಹಾರ್ಮೋನಿಯಂ ಮುಂದೆ ಕೂತವನ ಬೆರಳು ನೇರ ಕಪ್ಪು ಎರಡಕ್ಕೆ ಹೋಯಿತು. ನಾನು ಜೀಪಿನ ಔಷಧಿ ಡಬ್ಬಿಯಿಂದ ಗಾಯದ ಪ್ಲಾಸ್ಟರ್ ಒಂದು ಚೂರು ಕತ್ತರಿಸಿ ತಂದು ಇನ್ನು ಹಾಡು ಇಲ್ಲಿಂದ ಎಂದು ಗುರುತಿಗೆ ಬಿಳಿ ಒಂದರ ಮೇಲೆ ಅಂಟಿಸಿದೆ.